ಇಟಲಿಯ ವೈನ್ ರುಚಿ ನೋಡಲು ಒಂದೇ ತೋಟ ಸಾಕು

ವೆರೋನಾ ಕಡೆ ಹೋಗುವವರಿಗೆ ಒಂದು ಸಲಹೆ. ದಿನಕ್ಕೆ ನಾಲ್ಕೈದು ವೈನರಿ ಸುತ್ತಬೇಡಿ. ಅಲ್ಲೇ ಪಕ್ಕದ ವೈನ್ ಪ್ರದೇಶ ವಾಲ್ಪೊಲಿಚೆಲ್ಲಾದಲ್ಲಿ ಒಂದೇ ತೋಟ ಆರಿಸಿಕೊಂಡು, ಮೊದಲೇ ಬುಕ್ ಮಾಡಿ, ಆರಾಮಾಗಿ ಕೂತು ರುಚಿ ನೋಡಿ. ಕೊರ್ವಿನಾ, ರೊಂದಿನೆಲ್ಲಾ ಅನ್ನುವ ಅದೇ ದ್ರಾಕ್ಷಿಯಿಂದ ತೆಳು ಕೆಂಪು ವೈನೂ ಬರುತ್ತದೆ, ಗಟ್ಟಿ ಸಿಹಿ ವೈನೂ ಬರುತ್ತದೆ. ಎಲ್ಲವೂ ಒಂದೇ ತೋಟದ್ದಾದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಮೊದಲು ಊರಿನ ಹೆಸರೇ ಇರುವ ಸಾದಾ ವಾಲ್ಪೊಲಿಚೆಲ್ಲಾ ವೈನ್, ಆಮೇಲೆ ರಿಪಾಸೊ (ಅದೇ ಸಾದಾ ವೈನನ್ನು ಅಮರೋನೆ ತೆಗೆದು ಉಳಿದ ಸಿಪ್ಪೆಯ ಜೊತೆ ಮತ್ತೆ ಹುದುಗಿಸಿದ್ದು), ನಂತರ ಗಟ್ಟಿಯಾದ ಅಮರೋನೆ, ಕೊನೆಗೆ ಸಿಹಿಯಾದ ರೆಚೋತೊ. ಸಿಹಿಯನ್ನು ಮೊದಲು ಕುಡಿದರೆ ಉಳಿದದ್ದೆಲ್ಲ ಹುಳಿ ಅನ್ನಿಸುತ್ತದೆ.

ಅಮರೋನೆ, ರೆಚೋತೊ ಎರಡಕ್ಕೂ ದ್ರಾಕ್ಷಿ ಗೊಂಚಲುಗಳನ್ನು ಮೂರ್ನಾಲ್ಕು ತಿಂಗಳು ಗಾಳಿಗೆ ಒಣಗಿಸುತ್ತಾರೆ. ಸಕ್ಕರೆ ಬಹುತೇಕ ಮುಗಿಯುವ ತನಕ ಹುದುಗಿದರೆ ಅಮರೋನೆ, ನಡುವೆಯೇ ನಿಂತರೆ ರೆಚೋತೊ. ಲೋಟ ಸ್ವಲ್ಪ ಓರೆ ಮಾಡಿ ನೋಡಿ: ರೆಚೋತೊ ಗಾಜಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದೆ. ಮೂಗಿಗೆ ಒಣದ್ರಾಕ್ಷಿ, ಚೆರ್ರಿ ವಾಸನೆ. ನನಗಂತೂ ಎಲ್ಲರೂ ಹೊಗಳುವ ಅಮರೋನೆಗಿಂತ ಇದೇ ಇಷ್ಟ. ಜೊತೆಗೆ ಡಾರ್ಕ್ ಚಾಕೊಲೇಟ್ ಇದ್ದರಂತೂ ಕೇಳಲೇಬೇಡಿ.

ನವೆಂಬರ್, ಡಿಸೆಂಬರ್‌ನಲ್ಲಿ ಹೋದರೆ ಒಣಗಿಸುವ ಅಟ್ಟ ತೋರಿಸಿ ಅಂತ ಕೇಳಿ.

ಅಮರೋನೆಯಲ್ಲಿ ಕನಿಷ್ಠ 14% ಆಲ್ಕೋಹಾಲ್ ಇರುತ್ತದೆ. ಎಲ್ಲವನ್ನೂ ನುಂಗಬೇಕಿಲ್ಲ. ಉಗಿಯಲು ಪಾತ್ರೆ ಇಟ್ಟಿರುತ್ತಾರೆ, ಸಂಕೋಚ ಬೇಡ. ಇಟಲಿಯಲ್ಲಿ ಗಾಡಿ ಓಡಿಸುವವರಿಗೆ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಹಾಗಾಗಿ ಟ್ಯಾಕ್ಸಿಯೇ ವಾಸಿ. ಅಂದಹಾಗೆ, ಜೊತೆಗೆ ಕೊಡುವ ಮೊಂಟೆ ವೆರೊನೇಸೆ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಬ್ರೆಡ್, ಆಲಿವ್ ಕೇಳಿಬಿಡಿ.