ಎಷ್ಟು ಅಡಿ ಬಂತು?

ನಾನು ಸಿನಿಮಾಕ್ಕೆ ಬರಲು ಕಾರಣ ಬೇರೆ ಯಾರಿಗೋ ಆದ ಕಾಮಾಲೆ. ತಮಾಷೆಗೆ ಹೇಳುತ್ತಿಲ್ಲ.

1986ರ ಬೇಸಿಗೆ. ಟೈಪಿಂಗ್ ಪರೀಕ್ಷೆ ಬರೆಯಲು ತಿಪಟೂರಿನಿಂದ ಬೆಂಗಳೂರಿಗೆ ಬಂದಿದ್ದೆ. ಗಾಂಧಿನಗರದ ಒಂದು ಸಿನಿಮಾ ಆಫೀಸಿನಲ್ಲಿ ನನ್ನ ಸೋದರಮಾವ ಪ್ರೊಡಕ್ಷನ್ ಮ್ಯಾನೇಜರ್. ಅವರ ರೂಮಿನಲ್ಲೇ ಉಳಿದಿದ್ದೆ. ಪರೀಕ್ಷೆ ಮುಗಿದ ಸಂಜೆ ಮಾವ ಬಂದವರೇ, "ಲೋ, ನಾಳೆ ಊರಿಗೆ ಹೋಗ್ಬೇಡ. ಇವತ್ತು ರಾತ್ರಿ ಮದ್ರಾಸ್ ಮೇಲ್ ಹತ್ತು" ಅಂದರು. ಶೂಟಿಂಗ್ ಆದ ನೆಗೆಟಿವ್ ಡಬ್ಬಗಳನ್ನು ಲ್ಯಾಬಿಗೆ ಒಯ್ಯುತ್ತಿದ್ದ ಹುಡುಗ ಕಣ್ಣು ಹಳದಿ ಮಾಡಿಕೊಂಡು ಮಲಗಿದ್ದ.

ಆಗ ನಮ್ಮ ಬಹುಪಾಲು ಚಿತ್ರಗಳ ನೆಗೆಟಿವ್ ತೊಳೆಯುತ್ತಿದ್ದದ್ದು ಮದ್ರಾಸಿನಲ್ಲಿ. ಶೂಟಿಂಗ್ ಇಲ್ಲಿ, ಉಳಿದದ್ದೆಲ್ಲ ಅಲ್ಲಿ. ಮಾವ ಏಳು ಡಬ್ಬ ಕೊಟ್ಟರು. ಸುತ್ತ ಟೇಪ್ ಸುತ್ತಿ, ಮೇಲೆ ಸೀನು ನಂಬರ್ ಬರೆದಿತ್ತು. "ಇದನ್ನ ಬೆಳಕಲ್ಲಿ ಬಿಚ್ಚಿದ್ರೆ ನಿಮ್ಮಪ್ಪನ ತೋಟ ಮಾರಿದ್ರೂ ಸಾಲಲ್ಲ" ಅಂದರು. ರಾತ್ರಿಯಿಡೀ ಆ ಚೀಲವನ್ನೇ ತಲೆದಿಂಬು ಮಾಡಿಕೊಂಡೆ. ನಿದ್ದೆ ಬರಲಿಲ್ಲ. ಜೋಲಾರ್‌ಪೇಟೆಯಲ್ಲಿ ಟೀ ಕುಡಿಯಲೂ ಇಳಿಯಲಿಲ್ಲ.

ಲ್ಯಾಬಿಗೆ ಡಬ್ಬ ಕೊಟ್ಟೆ. ಹಿಂದಿನ ವಾರದ್ದು ಪ್ರಿಂಟ್ ಆಗಿ ಬಂದಿತ್ತು, ಅದನ್ನು ವಡಪಳನಿಯ ಎಡಿಟಿಂಗ್ ರೂಮಿಗೆ ಮುಟ್ಟಿಸಬೇಕಿತ್ತು. ಅಲ್ಲಿದ್ದ ಎಡಿಟರ್ ಹಾಸನದ ಕಡೆಯವರು. ಮದ್ರಾಸಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಅವರನ್ನು ಇಲ್ಲಿ ಗುರುಗಳು ಅಂತಲೇ ಕರೆಯುತ್ತೇನೆ, ಹೆಸರು ಹಾಕಿದರೆ ಬೈಯುತ್ತಾರೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹದಿನಾರರ ಮಗ್ಗಿ ಬರುತ್ತಾ?"

ನಮ್ಮಪ್ಪನದು ಕೊಬ್ಬರಿ ಮಂಡಿ. ಮಗ್ಗಿ ತಪ್ಪಿದರೆ ಅಳತೆಕೋಲಿನಲ್ಲೇ ಬೀಳುತ್ತಿತ್ತು. ನಿಂತಲ್ಲೇ ಒಪ್ಪಿಸಿದೆ. ಹದಿನಾರೊಂಬತ್ಲೆ ನೂರ ನಲವತ್ತನಾಲ್ಕು ಅನ್ನುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಿದರು. "ಸಾಕು. ಊರಿಗೆ ಹೋಗಿ ಬಟ್ಟೆ ತಗೊಂಡು ಬಾ."

ಯಾಕೆ ಕೇಳಿದರು ಅಂತ ಆಮೇಲೆ ಗೊತ್ತಾಯಿತು. 35 ಎಂ.ಎಂ. ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮ್, ಅಂದರೆ 16 ಬಿಡಿ ಚಿತ್ರ. ಪರದೆ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಅಂದರೆ ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ಒಂದು ರೀಲು ಹೆಚ್ಚುಕಡಿಮೆ ಹನ್ನೊಂದು ನಿಮಿಷ. ಎರಡೂವರೆ ಗಂಟೆಯ ಸಿನಿಮಾ ಅಂದರೆ 13,500 ಅಡಿ. ಎಡಿಟಿಂಗ್ ರೂಮಿನಲ್ಲಿ ಯಾರೂ ನಿಮಿಷದ ಲೆಕ್ಕದಲ್ಲಿ ಮಾತಾಡುತ್ತಿರಲಿಲ್ಲ. "ಆ ಸೀನು ಎಷ್ಟು ಅಡಿ ಬಂತು?" ಅನ್ನುವುದೇ ಭಾಷೆ. ಅದಕ್ಕೆ ತಕ್ಷಣ ಉತ್ತರ ಕೊಡುವ ಹುಡುಗ ಅವರಿಗೆ ಬೇಕಿತ್ತು. ಕೊಬ್ಬರಿ ಎಣಿಸುತ್ತಿದ್ದ ನಾನು ಫ್ರೇಮ್ ಎಣಿಸತೊಡಗಿದೆ.

ಚಪ್ಪಲಿ ಹೊರಗೆ ಬಿಡಬೇಕು. ಅದು ಮೊದಲ ನಿಯಮ. ಭಕ್ತಿಗಲ್ಲ, ಧೂಳಿಗೆ. ಒಂದು ಕಣ ಮರಳು ಫಿಲ್ಮಿನ ಮೇಲೆ ಎಳೆದರೆ ಥಿಯೇಟರಿನಲ್ಲಿ ಮಳೆ ಬಂದ ಹಾಗೆ ಗೆರೆ ಕಾಣುತ್ತದೆ. ಒಳಗೆ ಫಿಲ್ಮ್ ಓಡಿಸಿ ನೋಡುವ ಒಂದು ಮೂವಿಯೋಲಾ ಮೆಷಿನ್, ಹೊಲಿಗೆ ಮೆಷಿನ್ನಿನಂತೆ ಕಟಕಟ ಅನ್ನುತ್ತಿತ್ತು. ಪಕ್ಕದಲ್ಲಿ ಬಿಳಿ ಬಟ್ಟೆ ಹಾಸಿದ ದೊಡ್ಡ ಬುಟ್ಟಿ, ಅದರ ಮೇಲೆ ಸಾಲಾಗಿ ಮೊಳೆ. ಕತ್ತರಿಸಿ ಉಳಿದ ತುಂಡುಗಳನ್ನು ಅಲ್ಲಿ ನೇತು ಹಾಕುತ್ತಿದ್ದೆವು. ಅವಕ್ಕೆ ಟ್ರಿಮ್ ಅನ್ನುತ್ತಾರೆ. ದೂರದಿಂದ ನೋಡಿದರೆ ಒಣಗಲು ಹಾಕಿದ ಶ್ಯಾವಿಗೆ.

ಮೊದಲ ವರ್ಷ ನಾನು ಒಂದು ಕಟ್ ಕೂಡ ಮಾಡಲಿಲ್ಲ. ಸುತ್ತುವುದು, ಅಂಟಿಸುವುದು, ನಂಬರ್ ಹಾಕುವುದು, ಲೂಪ್ ಮಾಡುವುದು. ಲೂಪ್ ಅಂದರೆ ಡಬ್ಬಿಂಗ್‌ಗೆ ಬೇಕಾದದ್ದು. ಒಂದೊಂದು ಡೈಲಾಗಿನ ತುಂಡನ್ನೂ ಬೇರೆ ಮಾಡಿ ಅದರ ತಲೆಗೆ ಬಾಲ ಅಂಟಿಸಿದರೆ ಬಳೆಯ ಹಾಗೆ ಆಗುತ್ತದೆ. ಪ್ರೊಜೆಕ್ಟರಿಗೆ ಹಾಕಿದರೆ ಅದೇ ಮಾತು ಸುತ್ತಿ ಸುತ್ತಿ ಬರುತ್ತಿರುತ್ತದೆ, ಕಲಾವಿದರು ತುಟಿ ನೋಡಿಕೊಂಡು ಮಾತು ಕೂರಿಸುತ್ತಾರೆ. ಒಂದು ಚಿತ್ರಕ್ಕೆ ನೂರಾರು ಲೂಪ್. ಡಬ್ಬಿಂಗ್ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಹಿಂದಿದ್ದ ಹಾಗೇ ಜೋಡಿಸಬೇಕು. ಅದೂ ನನ್ನ ಕೆಲಸವೇ. ಕನಸಿನಲ್ಲೂ ಲೂಪ್ ಬರುತ್ತಿದ್ದವು.

ಎರಡನೇ ವರ್ಷದ ಒಂದು ರಾತ್ರಿ ನಾನು ಆರು ಫ್ರೇಮ್ ಕಳೆದೆ.

ಆರು ಫ್ರೇಮ್ ಅಂದರೆ ನಾಲ್ಕೂವರೆ ಇಂಚು. ಪರದೆ ಮೇಲೆ ಕಾಲು ಸೆಕೆಂಡು. ನಾಯಕಿ ತಲೆ ಎತ್ತಿ ನೋಡುವ ಮುಂಚಿನ ಚೂರು ಅದು. ಹಿಂದಿನ ದಿನ ಗುರುಗಳು ಕತ್ತರಿಸಿ ತೆಗೆದಿದ್ದರು, ಇವತ್ತು ನಿರ್ದೇಶಕರಿಗೆ ವಾಪಸ್ ಬೇಕು. ಫಿಲ್ಮಿನ ಅಂಚಿನಲ್ಲಿ ಅಡಿಗೊಂದು ನಂಬರ್ ಇರುತ್ತದೆ. ನಾಲ್ಕೂವರೆ ಇಂಚಿನ ತುಂಡಿಗೆ ಆ ನಂಬರ್ ಬಿದ್ದರೆ ಪುಣ್ಯ. ಈ ತುಂಡಿಗೆ ಬಿದ್ದಿರಲಿಲ್ಲ. ಬುಟ್ಟಿಯಲ್ಲಿದ್ದ ಎಲ್ಲ ಚೂರನ್ನೂ ನೆಲದ ಮೇಲೆ ಹರಡಿ, ಒಂದೊಂದನ್ನೇ ಬಲ್ಬಿಗೆ ಹಿಡಿದು ನೋಡಿದೆ. ಹತ್ತು ಗಂಟೆ, ಹನ್ನೆರಡು, ಎರಡು. ಅಳು ಬರುತ್ತಿತ್ತು. ಗುರುಗಳು ಮನೆಗೆ ಹೋಗಿರಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಒಂದು ಮಾತು ಬೈಯಲಿಲ್ಲ. ಸಹಾಯವನ್ನೂ ಮಾಡಲಿಲ್ಲ.

ಸಿಕ್ಕಿದ್ದು ಬೆಳಗಿನ ಜಾವ, ನನ್ನ ಷರ್ಟಿನ ಬೆನ್ನಿಗೆ. ಟೇಪಿನ ಚೂರು ಅಂಟಿಕೊಂಡು ಅದು ನನ್ನ ಜೊತೆಗೇ ರಾತ್ರಿಯೆಲ್ಲ ರೂಮು ಸುತ್ತಿತ್ತು. ಗುರುಗಳು ನಕ್ಕು, ಗ್ರೀಸ್ ಪೆನ್ಸಿಲ್ ನನ್ನ ಕೈಗೆ ಕೊಟ್ಟರು. "ಚಿಕ್ಕ ಚೂರಿಗೆ ಮೊದ್ಲು ಹೆಸರು ಬರಿ, ಆಮೇಲೆ ನೇತು ಹಾಕು. ದೊಡ್ಡದು ತಾನೇ ಸಿಗುತ್ತೆ." ಸಂಜೆಯಿಂದ ಅವರ ಕಣ್ಣಿಗೆ ಅದು ಕಾಣುತ್ತಿತ್ತೋ ಏನೋ. ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಅವರು ಕಲಿಸಿದ್ದು ಹೀಗೇ. ಕೂರಿಸಿಕೊಂಡು ಪಾಠ ಮಾಡಿದ್ದು ಕಡಿಮೆ. ಎರಡು ಮಾತು ಮಾತ್ರ ಪದೇ ಪದೇ ಹೇಳುತ್ತಿದ್ದರು. ಒಂದು, ರಷಸ್ (ಶೂಟಿಂಗ್ ಆದದ್ದರ ಮೊದಲ ಪ್ರಿಂಟ್) ಬಂದ ದಿನ ಕತ್ತರಿ ಮುಟ್ಟಬೇಡ, ಮೂರು ಸಲ ಸುಮ್ನೆ ನೋಡು. ಇನ್ನೊಂದು ಮಾತಿನ ಸೀನಿನ ಬಗ್ಗೆ: "ಮಾತಾಡೋನನ್ನ ಕಿವಿ ನೋಡ್ಕೊಳ್ಳುತ್ತೆ ಕಣೋ. ಕಣ್ಣಿಗೆ ಕೇಳಿಸ್ಕೊಳ್ತಿರೋನನ್ನ ತೋರ್ಸು." ನಾನು ಈ ಮೂವತ್ತು ವರ್ಷದಲ್ಲಿ ಮಾಡಿದ ಅರ್ಧ ಕೆಲಸ ಆ ಒಂದು ವಾಕ್ಯ.

ಮಧ್ಯಾಹ್ನ ಮೆಸ್ಸಿನಲ್ಲಿ ಊಟಕ್ಕೆ ಕೂತಾಗ ಹಳೆಯ ಕಥೆ ಬರುತ್ತಿದ್ದವು. ಅವರಿಗೆ ಇಷ್ಟದ ಕಥೆ ವಿ.ಕೆ. ಮೂರ್ತಿಯವರದು. ಮೈಸೂರಿನವರು, ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಓದಿ ಬಾಂಬೆಗೆ ಹೋದವರು. 1951ರಲ್ಲಿ ಗುರುದತ್ ತಮ್ಮ ಮೊದಲ ಚಿತ್ರ ನಿರ್ದೇಶಿಸುವಾಗ ಮೂರ್ತಿ ಇನ್ನೂ ಸಹಾಯಕ, ಛಾಯಾಗ್ರಾಹಕ ವಿ. ರಾತ್ರಾ. ಒಂದು ಹಾಡಿನಲ್ಲಿ ಕಷ್ಟದ ಶಾಟ್ ಒಂದಿತ್ತು, ಅದನ್ನು ಮೂರ್ತಿ ತಾವೇ ತೆಗೆದರು. ಗುರುದತ್ ಮುಂದಿನ ಚಿತ್ರಕ್ಕೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಮುಂದೆ ಇದೇ ಮೂರ್ತಿಯವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಈ ಕಥೆ ಕೇಳಿದ ನಾವು ಹುಡುಗರೆಲ್ಲ, "ಎಂಥಾ ಅದೃಷ್ಟ ಸಾರ್!" ಅನ್ನುತ್ತಿದ್ದೆವು. ಗುರುಗಳು ಮಜ್ಜಿಗೆಗೆ ಉಪ್ಪು ಹಾಕಿಕೊಳ್ಳುತ್ತಾ, "ಆ ರಾತ್ರಾ ಅನ್ನೋರು ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ನಿಂತ್ರಲ್ಲ, ಅವರ ಬಗ್ಗೆ ಯಾರೂ ಕೇಳಲ್ಲ ನೋಡು" ಅನ್ನುತ್ತಿದ್ದರು. ಆಗ ನಮಗೆ ಅದು ತಲೆಗೆ ಹೋಗುತ್ತಿರಲಿಲ್ಲ. ರಾತ್ರಾ ಯಾರು, ನಮಗೇನು?

ನನ್ನ ಜೊತೆ ಕುಂದಾಪುರದ ಕಡೆಯ ಇನ್ನೊಬ್ಬ ಹುಡುಗ ಇದ್ದ. ಕೈ ನನಗಿಂತ ಚೆನ್ನಾಗಿತ್ತು. ನಾನು ಎರಡು ಸಲ ಎಣಿಸಿ ಕತ್ತರಿಸುವುದನ್ನು ಅವನು ಕಣ್ಣಳತೆಯಲ್ಲೇ ಮಾಡುತ್ತಿದ್ದ. 1989ರಲ್ಲಿ ಅವರಪ್ಪ ತೀರಿಕೊಂಡರು. ಮನೆಯ ಹೋಟೆಲ್ ನೋಡಿಕೊಳ್ಳಲು ಊರಿಗೆ ಹೋದವನು ವಾಪಸ್ ಬರಲಿಲ್ಲ. "ಸಿನಿಮಾದಲ್ಲಿ ಪ್ರತಿಭೆ ಇದ್ದರೆ ಸಾಕು" ಅನ್ನುವವರು ಸಿಕ್ಕಾಗಲೆಲ್ಲ ನನಗೆ ಅವನು ನೆನಪಾಗುತ್ತಾನೆ, ಸುಮ್ಮನಾಗುತ್ತೇನೆ.

1991ರ ಡಿಸೆಂಬರ್‌. ಕಾವೇರಿ ಗಲಾಟೆ. ಬಸ್ಸು ನಿಂತವು. ಗುರುಗಳು ಮದುವೆಗೆ ಅಂತ ಊರಿಗೆ ಹೋದವರು ಅಲ್ಲೇ ಸಿಕ್ಕಿಕೊಂಡರು, ನಿರ್ದೇಶಕರು ಬೆಂಗಳೂರಿನಲ್ಲಿ. ನಾನೊಬ್ಬ ವಡಪಳನಿಯಲ್ಲಿ, ಆರನೇ ರೀಲಿನ ಜೊತೆ. ರೀರೆಕಾರ್ಡಿಂಗ್‌ಗೆ ಥಿಯೇಟರ್ ಬುಕ್ ಆಗಿತ್ತು, ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂರಿಸುವ ಕೆಲಸ ಅದು. ಒಂದು ಸೀನು ಉದ್ದ ಅನ್ನಿಸುತ್ತಿದೆ, ಒಂದು ನಿಮಿಷ ಇಳಿಸಬೇಕು ಅಂತ ನಿರ್ಮಾಪಕರ ಟ್ರಂಕ್ ಕಾಲ್. ತೊಂಬತ್ತು ಅಡಿ. ಹೇಗೋ ಗುರುಗಳಿಗೆ ಫೋನ್ ಸಿಕ್ಕಿತು. ಏನು ಮಾಡಲಿ ಸಾರ್ ಅಂದೆ. "ಕತ್ತರಿ ನಿನ್ನ ಕೈಲಿದೆ, ನನ್ನನ್ಯಾಕೆ ಕೇಳ್ತೀಯ?" ಅಂತ ಇಟ್ಟೇಬಿಟ್ಟರು.

ತಾಯಿಗೂ ಮಗನಿಗೂ ಜಗಳ. ತಂದೆ ಅಲ್ಲೇ ಕೂತು ಊಟ ಮಾಡುತ್ತಿದ್ದಾನೆ. ಮೊದಲಿನ ಕಟ್‌ನಲ್ಲಿ ಕ್ಯಾಮೆರಾ ಅವಳಿಗೆ, ಇವನಿಗೆ, ಅವಳಿಗೆ, ಇವನಿಗೆ. ಟೆನಿಸ್ ನೋಡಿದ ಹಾಗೆ. ಮೂರು ಸಲ ಸುಮ್ನೆ ನೋಡಿದೆ. ಬುಟ್ಟಿಯಲ್ಲಿ ತಂದೆಯ ಕೈಯ ಕ್ಲೋಸಪ್ ಇತ್ತು, ಅನ್ನ ಕಲಸುತ್ತಾ ಕಲಸುತ್ತಾ ನಿಲ್ಲುವ ಕೈ. ಯಾರೂ ಬಳಸಿರಲಿಲ್ಲ. ಜಗಳದ ಎರಡು ಮಾತು ಕಿತ್ತು, ಉಳಿದ ಮಾತನ್ನು ಆ ಕೈ ಮೇಲೆ ಓಡಿಸಿದೆ. ತೊಂಬತ್ತಕ್ಕೆ ತೊಂಬತ್ತನಾಲ್ಕು ಅಡಿ ಇಳಿಯಿತು. ಇಡೀ ರಾತ್ರಿ ಬೇಕಾಯಿತು, ಬೆಳಗ್ಗೆ ಕೈ ನಡುಗುತ್ತಿತ್ತು.

ಗುರುಗಳು ಬಂದ ಮೇಲೆ ಹಾಕಿ ತೋರಿಸಿದೆ. ಎರಡು ಸಲ ನೋಡಿದರು. ಕೈ ನಿಲ್ಲುವ ಜಾಗಕ್ಕೆ ಹನ್ನೆರಡು ಫ್ರೇಮ್ ವಾಪಸ್ ಸೇರಿಸಿದರು. ಆಮೇಲೆ "ಊಟಕ್ಕೆ ಹೋಗೋಣ ಬಾ" ಅಂದರು. ಅವತ್ತು ಮೆಸ್ಸಿನಲ್ಲಿ ದುಡ್ಡು ಅವರೇ ಕೊಟ್ಟರು. ಅದಕ್ಕಿಂತ ದೊಡ್ಡ ಶಹಬ್ಬಾಸ್‌ಗಿರಿ ಅವರ ಹತ್ತಿರ ಇರಲಿಲ್ಲ.

1994ರಲ್ಲಿ ನನಗೇ ಅಂತ ಒಂದು ಚಿತ್ರ ಬಂತು. ನಿರ್ಮಾಪಕರು ರೂಮಿಗೇ ಹುಡುಕಿಕೊಂಡು ಬಂದರು. ನನ್ನ ಕೆಲಸ ನೋಡಿ ಬಂದಿದ್ದಾರೆ ಅಂದುಕೊಂಡೆ. ವಡಪಳನಿ ಮುರುಗನಿಗೆ ಕಾಯಿ ಒಡೆಸಿ, ಸ್ವೀಟ್ ಹಂಚಿದೆ. ಗುರುಗಳು "ಒಳ್ಳೇದಾಗ್ಲಿ" ಅಂದರು, ಅಷ್ಟೇ. ಆ ಚಿತ್ರ ಎರಡು ವಾರ ಓಡಿತು. ಟೈಟಲ್ ಕಾರ್ಡಿನಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪು. ಕೊನೆಯ ಕಂತಿನ ಚೆಕ್ಕು ಬೌನ್ಸ್. ಆದರೂ ಎಡಿಟರ್ ಅನ್ನಿಸಿಕೊಂಡೆ, ಮುಂದಿನದು ಬಂತು.

ಆರೇಳು ವರ್ಷ ಆದ ಮೇಲೆ ಗುರುಗಳ ಮನೆಗೆ ಹೋಗಿದ್ದೆ. ಅವರ ಮನೆಯವರು, ನಮಗೆಲ್ಲ ಅಮ್ಮ, ಕಾಫಿ ಮಾಡುತ್ತಾ ಏನೋ ಹಳೆಯ ಮಾತು ತೆಗೆದರು. "ನಿನಗೆ ಮೊದಲನೇ ಪಿಕ್ಚರ್ ಬಂತಲ್ಲ, ಆ ವರ್ಷ ನಮ್ಮನೇಲಿ ದೀಪಾವಳಿಗೆ ಹೊಸ ಬಟ್ಟೆ ಇಲ್ಲ ಗೊತ್ತಾ? ಮೂರು ತಿಂಗಳಿಂದ ಕೆಲಸ ಇರ್ಲಿಲ್ಲ. ಬಂದ ಒಬ್ಬ ನಿರ್ಮಾಪಕರನ್ನೂ ಡೇಟ್ಸ್ ಇಲ್ಲ ಅಂತ ಕಳಿಸಿಬಿಟ್ರು. ಯಾಕ್ರೀ ಅಂದ್ರೆ, ಹುಡುಗ ರೆಡಿ ಇದಾನೆ ಅಂತಾರೆ."

ಒಳಗಿನಿಂದ ಗುರುಗಳ ದನಿ ಬಂತು. "ಏ, ಮೊದ್ಲು ಕಾಫಿ ಕೊಡೇ ಅವನಿಗೆ."

ನಾನು ಕಾಫಿ ಕುಡಿದೆ. ಬಿಸಿ ಇತ್ತೋ ತಣ್ಣಗಿತ್ತೋ ನೆನಪಿಲ್ಲ.

ಅಷ್ಟರಲ್ಲಿ ಕಂಪ್ಯೂಟರ್ ಬಂದಿತ್ತು. ಮೂವಿಯೋಲಾ ಗುಜರಿಗೆ ಹೋಯಿತು. ನಾನು ಬೆಂಗಳೂರಿಗೆ ವಾಪಸ್ ಬಂದು ಒಂದು ಚಿಕ್ಕ ಎಡಿಟಿಂಗ್ ರೂಮು ಮಾಡಿಕೊಂಡೆ. ಹೊಸತರಲ್ಲಿ ಬೆರಳುಗಳಿಗೇ ಕೆಲಸ ಇಲ್ಲ ಅನ್ನಿಸುತ್ತಿತ್ತು. ತಪ್ಪು ಮಾಡಿದರೆ ಒಂದು ಬಟನ್, ಎಲ್ಲ ಮೊದಲಿನ ಹಾಗೆ. ಸುಳ್ಳು ಯಾಕೆ ಹೇಳಲಿ, ನನಗೆ ಇದೇ ಇಷ್ಟ. ಫಿಲ್ಮಿನ ಕಾಲವೇ ಚೆನ್ನಾಗಿತ್ತು ಅನ್ನುವವರು ಬೆಳಗಿನ ಜಾವ ಮೂರು ಗಂಟೆಗೆ ಆರು ಫ್ರೇಮ್ ಹುಡುಕಿರಲಿಕ್ಕಿಲ್ಲ.

ಮೊಮ್ಮಗಳ ನಾಮಕರಣಕ್ಕೆ ಬೆಂಗಳೂರಿಗೆ ಬಂದ ಗುರುಗಳು ಒಂದು ಮಧ್ಯಾಹ್ನ ನನ್ನ ರೂಮಿಗೆ ಬಂದರು. ನಾನು ಎದ್ದು ಹೋಗುವಷ್ಟರಲ್ಲಿ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದಾಗಿತ್ತು. ನನ್ನ ಅಸಿಸ್ಟೆಂಟ್ ಹುಡುಗ ಶೂ ಹಾಕಿಕೊಂಡೇ ಕೂತಿದ್ದ, ಅವರ ಬರಿಗಾಲು ನೋಡಿ ತನ್ನ ಕಾಲು ಕುರ್ಚಿಯಡಿ ಎಳೆದುಕೊಂಡ. ಸ್ಕ್ರೀನ್ ಮೇಲೆ ಬಣ್ಣಬಣ್ಣದ ಪಟ್ಟಿಗಳು. ಗುರುಗಳು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಎಷ್ಟು ಅಡಿ ಬಂತಯ್ಯಾ?"

ಮೂಲೆಯಲ್ಲಿ ಎರಡು ಗಂಟೆ ಮೂವತ್ತೆಂಟು ನಿಮಿಷ ಅಂತ ತೋರಿಸುತ್ತಿತ್ತು. ನೂರ ಐವತ್ತೆಂಟು ತೊಂಬತ್ಲೆ. ಮನಸ್ಸಿನಲ್ಲೇ ಗುಣಿಸಿ, "ಹದಿನಾಲ್ಕು ಸಾವಿರದ ಇನ್ನೂರ ಇಪ್ಪತ್ತು ಸಾರ್" ಅಂದೆ. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ.

"ಜಾಸ್ತಿ ಆಯ್ತು" ಅಂದು ಗುರುಗಳು ನನ್ನ ಕುರ್ಚಿ ಎಳೆದುಕೊಂಡು ಕೂತರು. "ಮೊದಲನೇ ರೀಲಿಂದ ಹಾಕು, ನೋಡೋಣ."