ಮುಖಕ್ಕೆ ಈಸ್ಟ್ರೊಜೆನ್ ಮುಲಾಮು: ಹಚ್ಚುವ ಮೊದಲು ತೋಳು ನೋಡಿಕೊಳ್ಳಿ

ಮುಟ್ಟು ನಿಂತ ಬಳಿಕ ಮುಖಕ್ಕೆ ಈಸ್ಟ್ರೊಜೆನ್ (ಆಗ ದೇಹದಲ್ಲಿ ಕಡಿಮೆಯಾಗುವ ಹೆಣ್ಣು ಹಾರ್ಮೋನು) ಮುಲಾಮು ಹಚ್ಚಬೇಕೆಂದಿರುವವರು ಮೊದಲು ಮಾಡಬೇಕಾದ ಕೆಲಸಕ್ಕೆ ಖರ್ಚಿಲ್ಲ. ಹಗಲಿನಲ್ಲಿ ಕಿಟಕಿಯ ಬಳಿ ಕುಳಿತು, ಕುಬಸದ ತೋಳನ್ನು ಮೇಲೆ ಸರಿಸಿ, ಅದರಡಿ ಮುಚ್ಚಿಕೊಂಡಿದ್ದ ಚರ್ಮವನ್ನೂ ಮುಂಗೈಯ ಚರ್ಮವನ್ನೂ ಜೊತೆಯಲ್ಲಿಟ್ಟು ನೋಡಿ. ಒಳಗಿನದು ತೆಳುವಾಗಿ ಒಣಗಿದ್ದರೂ ಬಣ್ಣ ಒಂದೇ ಸಮನಾಗಿರುತ್ತದೆ. ಮುಂಗೈ ಮೇಲೆ ಕಂದು ಚುಕ್ಕೆ, ಒರಟು ಗೆರೆಗಳು ಕಾಣುತ್ತವೆ. ಒಳಗಿನದು ವಯಸ್ಸು ಮತ್ತು ಹಾರ್ಮೋನಿನ ಲೆಕ್ಕ. ಹೊರಗಿನದಕ್ಕೆ ವಿಜಯಪುರದ ಬಿಸಿಲೂ ಸೇರಿದೆ, ಮುಖದ್ದೂ ಅದೇ ಕಥೆ.

ಈ ಎರಡನ್ನೂ ಬೇರ್ಪಡಿಸಿಕೊಳ್ಳಬೇಕಾದುದಕ್ಕೆ ಕಾರಣವಿದೆ. ಋತುಬಂಧದ ನಂತರದ ಮೊದಲ 5 ವರ್ಷಗಳಲ್ಲಿ ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಂಬ ಪ್ರೋಟೀನು ಸುಮಾರು ಶೇ 30ರಷ್ಟು ಇಳಿಯುತ್ತದೆಂಬ ಅಂದಾಜಿದ್ದು, ಈಸ್ಟ್ರೊಜೆನ್ ಹಚ್ಚಿದರೆ ಅದು ಮರಳೀತೆಂಬ ಆಸೆ ಹುಟ್ಟಿದ್ದು ಅಲ್ಲಿಂದಲೇ. ಆದರೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ವಾರ ಎಸ್ಟ್ರಾಡಿಯಾಲ್ ಎಂಬ ಬಗೆಯ ಈಸ್ಟ್ರೊಜೆನ್ ಹಚ್ಚಿದಾಗ ಬಿಸಿಲು ಕಾಣದ ಸೊಂಟದ ಬದಿಯ ಚರ್ಮದಲ್ಲಿ ಕೊಲಾಜೆನ್ ಉತ್ಪಾದನೆ ಹೆಚ್ಚಿತಾದರೂ, ಬಿಸಿಲುಂಡ ಮುಖ ಮತ್ತು ಮುಂಗೈಗಳಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಸಣ್ಣ ಅಧ್ಯಯನಗಳಲ್ಲಿ ತೇವಾಂಶ, ದಪ್ಪ ಹೆಚ್ಚಿ ಸಣ್ಣ ಗೆರೆಗಳು ತಗ್ಗಿದ್ದೂ ಉಂಟು. ಆದ್ದರಿಂದ ಒಣಗುವಿಕೆ ತಗ್ಗೀತು, ಚರ್ಮ ಸ್ವಲ್ಪ ಮೃದುವಾದೀತು ಎಂದು ನಿರೀಕ್ಷಿಸುವುದು ನ್ಯಾಯ. ಜೋತುಬಿದ್ದ ಕೆನ್ನೆ ಮೇಲೇರೀತು, ಕಲೆ ಮಾಯವಾದೀತು ಎಂಬುದು ಅತಿಯಾಸೆ. ಬಂಗು ಇರುವವರಿಗಂತೂ ಈಸ್ಟ್ರೊಜೆನ್ನಿನಿಂದ ಅದು ಇನ್ನಷ್ಟು ದಟ್ಟವಾಗಬಹುದು.

ಮುಂದಿನ ಹೆಜ್ಜೆ ವೈದ್ಯರ ಬಳಿಗೆ. ಔಷಧಿ ಅಂಗಡಿಯಲ್ಲಿ ಸಿಗುವ ಎಸ್ಟ್ರಿಯಾಲ್ (ಇನ್ನೊಂದು ಬಗೆಯ ಈಸ್ಟ್ರೊಜೆನ್) ಕ್ರೀಮು ಯೋನಿಯ ಒಣಗುವಿಕೆಗೆಂದು ಇರುವುದು. ಮುಖಕ್ಕೆ ಬಳಸುವುದಾದರೆ ಚರ್ಮರೋಗ ಮತ್ತು ಸ್ತ್ರೀರೋಗ ತಜ್ಞರಿಬ್ಬರಿಗೂ ವಿಷಯ ಗೊತ್ತಿರಬೇಕು. ಸ್ತನ ಅಥವಾ ಗರ್ಭಕೋಶದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಮುಟ್ಟು ನಿಂತ ಮೇಲೂ ರಕ್ತ ಕಂಡದ್ದು, ಇವನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಸಂಕೋಚ ಬೇಡ. ನೆರೆಮನೆಯವರು ಕೊಟ್ಟ ‘ಬೆಳ್ಳಗಾಗುವ’ ಟ್ಯೂಬನ್ನು ಇದೇ ಎಂದು ಭಾವಿಸಿ ಹಚ್ಚಬೇಡಿ. ಅವುಗಳಲ್ಲಿ ಹಲವು ಸ್ಟೆರಾಯ್ಡ್ ಇರುವಂಥವು, ಚರ್ಮವನ್ನು ಇನ್ನೂ ತೆಳುವಾಗಿಸುತ್ತವೆ.

ವೈದ್ಯರು ಒಪ್ಪಿದರೆ, ಅವರು ಹೇಳಿದಷ್ಟನ್ನೇ, ರಾತ್ರಿ ಮುಖ ತೊಳೆದು ಒರೆಸಿಕೊಂಡ ಮೇಲೆ ಹಚ್ಚಿ ಕೈ ತೊಳೆಯಿರಿ. ಮೊಮ್ಮಕ್ಕಳನ್ನು ಮುದ್ದಾಡುವುದು ಅದಕ್ಕೆ ಮೊದಲೇ ಮುಗಿದಿರಲಿ, ಹಾರ್ಮೋನು ಚರ್ಮದಿಂದ ಚರ್ಮಕ್ಕೆ ದಾಟಬಲ್ಲದು. ತಿಂಗಳಿಗೊಮ್ಮೆ ಅದೇ ಕಿಟಕಿ, ಅದೇ ಹೊತ್ತಿನಲ್ಲಿ ಫೋಟೊ ತೆಗೆದಿಡಿ. ದಿನದಿನದ ಕನ್ನಡಿಯಲ್ಲಿ ಸಣ್ಣ ಬದಲಾವಣೆ ಕಾಣುವುದಿಲ್ಲ. ಸ್ತನದಲ್ಲಿ ನೋವು ಕಂಡರೆ, ರಕ್ತ ಸೋರಿದರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಬೆಳಿಗ್ಗೆಯ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಮತ್ತು ತಲೆಯ ಮೇಲಿನ ಸೆರಗನ್ನು ಮಾತ್ರ ಯಾವ ಮುಲಾಮು ಸಿಕ್ಕಿದರೂ ಬಿಡಬೇಡಿ, ಏಕೆಂದರೆ ಕುಬಸದ ತೋಳಿನಡಿಯ ಚರ್ಮ ಅಷ್ಟು ಚೆನ್ನಾಗಿ ಉಳಿದದ್ದು ಬಟ್ಟೆಯ ನೆರಳಿನಲ್ಲೇ.