ಮೊದಲು ಎಣ್ಣೆ ಸರಿಯಾಗಿ ತೆಗೆಯಿರಿ, ರಿಪೋರ್ಟ್ ಆಮೇಲೆ ನೋಡೋಣ

ಟ್ರಾನ್ಸ್‌ಫಾರ್ಮರ್ ಒಳಗೆ ಸಣ್ಣ ಕಿಡಿ ಹಾರಿದರೂ, ಯಾವುದೋ ಜಾಯಿಂಟ್ ಸಡಿಲವಾಗಿ ಬಿಸಿಯಾದರೂ ಎಣ್ಣೆ ಒಡೆದು ಗ್ಯಾಸ್ ಹುಟ್ಟುತ್ತದೆ, ಎಣ್ಣೆಯಲ್ಲೇ ಕರಗಿರುತ್ತದೆ. ದೋಷ ನಿಧಾನವಾಗಿ ಬೆಳೆಯುತ್ತಿದ್ದರೆ, ಬುಕ್‌ಹೋಲ್ಜ್ ರಿಲೇ (ಒಳಗೆ ಗ್ಯಾಸ್ ಸೇರಿದರೆ ಎಚ್ಚರಿಸುವ ಸಾಧನ) ಅಲಾರಂ ಕೊಡುವ ಮುಂಚೆಯೇ ಡಿಜಿಎ ಪರೀಕ್ಷೆಯಲ್ಲಿ, ಅಂದರೆ ಎಣ್ಣೆಯಲ್ಲಿ ಕರಗಿದ ಗ್ಯಾಸ್ ಅಳೆಯುವ ಪರೀಕ್ಷೆಯಲ್ಲಿ, ಇದು ಸಿಗುತ್ತದೆ. ಆದರೆ ಹೆಚ್ಚಿನ ಎಡವಟ್ಟು ಆಗುವುದು ಸ್ಯಾಂಪಲ್ ತೆಗೆಯುವಾಗಲೇ.

ಮೊದಲು ವಾಲ್ವ್ ಬಳಿ ಎಣ್ಣೆಗೆ ಹೊರಮುಖ ಒತ್ತಡ ಇದೆಯೇ ನೋಡಿ. ಇಲ್ಲದಿದ್ದರೆ ತೆರೆಯಲೇಬೇಡಿ. ಗಾಳಿ ಒಳಗೆ ಹೋಗುತ್ತದೆ, ಚಾಲೂ ಇರುವ ಟ್ರಾನ್ಸ್‌ಫಾರ್ಮರ್‌ಗೆ ಅದು ಅಪಾಯ.

ವಾಲ್ವ್ ಒರೆಸಿ, ಒಂದೆರಡು ಲೀಟರ್ ಎಣ್ಣೆ ಬಕೆಟ್‌ಗೆ ಬಿಡಿ. ಇಲ್ಲಿ ಜಿಪುಣತನ ಬೇಡ. ವಾಲ್ವ್‌ನಲ್ಲಿ ನಿಂತ ನೀರು ಗ್ಯಾಲ್ವನೈಸ್ಡ್ ಕಬ್ಬಿಣದ ಜೊತೆ ಸೇರಿ ತಾನೇ ಹೈಡ್ರೋಜನ್ ಹುಟ್ಟಿಸುತ್ತದೆ.

ಮೂರು ದಾರಿಯ ಸ್ಟಾಪ್‌ಕಾಕ್ (ತಿರುಗಿಸಿ ಮುಚ್ಚುವ ಪುಟ್ಟ ನಲ್ಲಿ) ಇರುವ ಗಾಜಿನ ಸಿರಿಂಜ್ ಬಳಸಿ. ನೀರಿನ ಬಾಟಲಿಯಲ್ಲಿ ತುಂಬಿ ಕಳಿಸುವವರು ಈಗಲೂ ಇದ್ದಾರೆ! ಪ್ಲಾಸ್ಟಿಕ್‌ನಿಂದ ಹೈಡ್ರೋಜನ್ ಸೋರಿಹೋಗುತ್ತದೆ, ರಿಪೋರ್ಟ್ ಸುಮ್ನೆ ‘ಚೆನ್ನಾಗಿದೆ’ ಎಂದು ಬರುತ್ತದೆ. ಪಿಸ್ಟನ್ ಎಳೆಯಬೇಡಿ, ಎಣ್ಣೆಯೇ ಅದನ್ನು ಹಿಂದಕ್ಕೆ ತಳ್ಳಲಿ. ಎಳೆದರೆ ಕರಗಿದ ಗ್ಯಾಸ್ ಗುಳ್ಳೆಯಾಗಿ ಹೊರಬರುತ್ತದೆ. ಅರ್ಧ ತುಂಬಿ, ತುದಿ ಮೇಲೆ ಮಾಡಿ, ಗುಳ್ಳೆ ಸಮೇತ ಹೊರಹಾಕಿ, ಆಮೇಲೆ ನಿಧಾನವಾಗಿ ಪೂರ್ತಿ ತುಂಬಿ. ಆಗಲೂ ಗುಳ್ಳೆ ಕಂಡರೆ ಮತ್ತೆ ಮೊದಲಿಂದ. ಆದರೆ ಸ್ಟಾಪ್‌ಕಾಕ್ ಮುಚ್ಚಿದ ಮೇಲೆ ಎಣ್ಣೆ ತಣ್ಣಗಾಗಿ ಗುಳ್ಳೆ ಮೂಡಿದರೆ ಅದನ್ನು ಹಾಗೇ ಬಿಡಿ. ಅದು ಎಣ್ಣೆಯಿಂದಲೇ ಬಂದ ಗ್ಯಾಸ್, ಲ್ಯಾಬ್‌ಗೆ ಅದೂ ಬೇಕು.

ಬೆಳಕು ತಾಗದಂತೆ ಸುತ್ತಿ, ದಿನಾಂಕ, ಲೋಡ್, ಎಣ್ಣೆಯ ಟೆಂಪರೇಚರ್ ಬರೆದು ಬೇಗ ಕಳಿಸಿ.

ಇನ್ನು ರಿಪೋರ್ಟ್. ಮುಖ್ಯವಾಗಿ ಹೈಡ್ರೋಜನ್ ಏರಿದ್ದರೆ ಪಾರ್ಶಿಯಲ್ ಡಿಸ್ಚಾರ್ಜ್ (ಇನ್ಸುಲೇಶನ್‌ನಲ್ಲಿ ಆಗುವ ಸಣ್ಣ ವಿದ್ಯುತ್ ಸೋರಿಕೆ) ಶಂಕೆ. ಎಥಿಲೀನ್ ಜಾಸ್ತಿ ಇದ್ದರೆ ಒಳಗೆಲ್ಲೋ ಲೋಹ 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿದೆ. ಅಸಿಟಿಲೀನ್ ಬಂದರೆ ಆರ್ಕಿಂಗ್ (ಜೋರು ವಿದ್ಯುತ್ ಕಿಡಿ) ನೆನಪಿಗೆ ಬರಬೇಕು. ಕಾರ್ಬನ್ ಮೊನಾಕ್ಸೈಡ್ ಕೂಡ ಏರುತ್ತಿದ್ದರೆ ವೈಂಡಿಂಗ್‌ನ ಕಾಗದವೂ ಸುಡುತ್ತಿರಬಹುದು.

ಡುವಾಲ್ ತ್ರಿಕೋನಕ್ಕೆ (ಮೂರು ಗ್ಯಾಸ್‌ಗಳ ಪ್ರಮಾಣದಿಂದ ದೋಷ ಗುರುತಿಸುವ ನಕ್ಷೆ) ಸಿಕ್ಕ ಅಂಕಿಯನ್ನೆಲ್ಲ ತುಂಬಿ ಗಾಬರಿಯಾಗಬೇಡಿ. ಅದರಲ್ಲಿ ‘ದೋಷವಿಲ್ಲ’ ಎಂಬ ಜಾಗವೇ ಇಲ್ಲ, ಯಾವ ಅಂಕಿ ಹಾಕಿದರೂ ಏನೋ ಒಂದು ಕಾಯಿಲೆ ಹೇಳುತ್ತದೆ. ನಾನಂತೂ ಮೊದಲು ನೋಡುವುದು ಹಿಂದಿನ ರಿಪೋರ್ಟನ್ನೇ. ಗ್ಯಾಸ್ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಬೇಗ ಏರುತ್ತಿದೆ ಅನ್ನುವುದು ಮುಖ್ಯ, ಅಲ್ವಾ? ಮಧ್ಯೆ ಎಣ್ಣೆ ಫಿಲ್ಟರ್ ಮಾಡಿಸಿದ್ದರೆ ಹಳೆಯ ಲೆಕ್ಕ ಬಿಟ್ಟು ಹೊಸದಾಗಿ ಶುರು ಮಾಡಿ.

ಅಸಿಟಿಲೀನ್ ಹೈಡ್ರೋಜನ್‌ಗಿಂತ ಎರಡು ಮೂರು ಪಟ್ಟು ಇದ್ದರೆ, ಟ್ಯಾಂಕ್ ಬಿಚ್ಚುವ ಮುಂಚೆ ಟ್ಯಾಪ್ ಚೇಂಜರ್ (ವೋಲ್ಟೇಜ್ ಹೊಂದಿಸುವ ಸ್ವಿಚ್, ಅದರಲ್ಲಿ ಕಿಡಿ ಮಾಮೂಲು) ಎಣ್ಣೆ ಮುಖ್ಯ ಟ್ಯಾಂಕ್‌ಗೆ ಸೋರುತ್ತಿದೆಯೇ ಪರೀಕ್ಷಿಸಿ.